ಗೇಟು ಹಾಕಿದ ಹೊತ್ತು

ಸ್ಟೇಷನ್ನಿನಿಂದ ಫೋನು. ಅವರ ಗುಪ್ತ ಅಂಕೆ ಐವತ್ತೇಳು,
ನನ್ನದು ಮೂವತ್ತೆರಡು. ಪುಸ್ತಕದಲ್ಲಿ ಬರೆದೆ,
ಚಕ್ರ ತಿರುಗಿಸಿದೆ. ಪಟ್ಟೆ ಬಳಿದ ಉದ್ದನೆಯ ಕಂಬ
ಮಂಡಿಯೂರುವ ಮುದುಕನ ಹಾಗೆ
ನಿಧಾನ ಬಗ್ಗಿತು.

ಮಂಜೇಶ್ವರಕ್ಕೂ ಉಪ್ಪಳಕ್ಕೂ ನಡುವೆ, ಕಡಲಿಗಿಳಿಯುವ ದಾರಿಗೆ
ಅಡ್ಡ ನಿಂತವಳು ನಾನು, ಸೆವ್ರಿನಾ ಕ್ರಾಸ್ತಾ.
ಹತ್ತೊಂಬತ್ತು ವರ್ಷದಿಂದ ಈ ದಾರಿಯ ಬೈಗುಳವೆಲ್ಲ
ನನ್ನ ಖಾತೆಗೇ ಜಮೆ:
ತುಳುವಿನಲ್ಲಿ, ಮಲಯಾಳದಲ್ಲಿ, ಬ್ಯಾರಿಯಲ್ಲಿ,
ಕನ್ನಡದಲ್ಲಾದರೆ ಕೊನೆಗೊಂದು "ಮಾರಾಯ್ತಿ" ಸೇರಿಸಿ.

ಆಗಮನ ಕಾಲದ ಮೂರನೆಯ ಭಾನುವಾರ ಇವತ್ತು.
ಪೂಜೆಗೆ ಹೋಗಲಾಗಲಿಲ್ಲ, ಡ್ಯೂಟಿ.
ಇಗರ್ಜಿಯಲ್ಲಿ ಈಗ ಗುಲಾಬಿ ಬಣ್ಣದ ಬತ್ತಿ ಹೊತ್ತಿಸಿರುತ್ತಾರೆ,
ಎಚ್ಚರವಾಗಿರಿ, ಕಾಯಿರಿ ಎಂದಿರುತ್ತಾರೆ ಪಾದ್ರಿಗಳು.
ಕಾಯುವುದನ್ನು ನನಗೆ ಕಲಿಸಬೇಕೇ ಫಾದರ್?
ಸಂಬಳವೇ ಅದಕ್ಕೆ.

ಕ್ಯಾಬಿನ್ನಿನ ಕಿಟಕಿಯಲ್ಲಿ ನಾನೂ
ನಾಲ್ಕು ಮೋಟು ಮೇಣದ ಬತ್ತಿ ನಿಲ್ಲಿಸಿದ್ದೇನೆ. ಹಚ್ಚುವಂತಿಲ್ಲ.
ರೈಲಿನವರಿಗೆ ಗೊತ್ತಿರುವ ಬಣ್ಣ ಎರಡೇ.
ನೇರಳೆ ಕಂಡರೆ ಡ್ರೈವರ್ ಪಾಪ
ಓಡಿಸಬೇಕೋ, ನಿಲ್ಲಿಸಬೇಕೋ?

ಮೊದಲ ಐದು ನಿಮಿಷ
ಎಲ್ಲರೂ ಮುಂದಿನ ಊರಿನಲ್ಲೇ ಇರುತ್ತಾರೆ.
ಹಾರ್ನು, ವಾಚು, ಫೋನು, ಮತ್ತೆ ಹಾರ್ನು.
ಬೈಕಿನ ಹುಡುಗ ಕಂಬದಡಿ ನುಸುಳುವ ಲೆಕ್ಕ ಹಾಕಿ
ನನ್ನ ಕಣ್ಣು ಕಂಡು ಲೆಕ್ಕ ಅಳಿಸುತ್ತಾನೆ.
ಆರನೆಯ ನಿಮಿಷಕ್ಕೆ ಒಂದು ಎಂಜಿನ್ ಆರುತ್ತದೆ.
ಇನ್ನೊಂದು.
ಕೊನೆಗೆ ಕೆಂಪುಕಲ್ಲಿನ ಲಾರಿಯೂ ಕೆಮ್ಮಿ ಸುಮ್ಮನಾಗುತ್ತದೆ.

ಆಗ ಕೇಳುತ್ತದೆ ಕಡಲು.

ಈಗ ಬಂದದ್ದಲ್ಲ ಅದು. ಇಲ್ಲೇ ಇತ್ತು,
ತೆಂಗಿನ ಸಾಲಿನಾಚೆ, ಕೂಗಿದರೆ ಓಗೊಡುವಷ್ಟು ಹತ್ತಿರ,
ನಮ್ಮ ಹಾರ್ನುಗಳ ಅಡಿಯಲ್ಲಿ
ಒಂದೇ ಸಮನೆ ಮಾತಾಡುತ್ತ.

ಹಿಂಡಿಯ ಗೋಣಿ ಕೆಳಗಿಳಿಸಿ ಕಮಲಾಕ್ಷಿ
ಕುತ್ತಿಗೆ ನೀವಿಕೊಳ್ಳುತ್ತಾಳೆ. ಆಟೋದವನು
ಹಿಂದಿನ ಸೀಟಿನ ಅಜ್ಜಿಗೆ ಬಾಟಲಿ ನೀಡುತ್ತಾನೆ.
ಮದ್ರಸ ಬಿಟ್ಟ ಎರಡು ಟೊಪ್ಪಿಗಳು
ಕಂಬದ ಮೇಲಿನ ಇಬ್ಬನಿಯಲ್ಲಿ ಬೆರಳಿಟ್ಟು
ಮೀನು ಬರೆಯುತ್ತವೆ, ಒರೆಸುತ್ತವೆ.

ಚಿಕ್ಕಂದಿನಲ್ಲಿ ಅಮ್ಮ ಕಲಿಸಿದ್ದಳು:
ಒಂದು ಒಳ್ಳೆ ಕೆಲಸಕ್ಕೆ ಒಂದು ಎಳೆ ಬೈಹುಲ್ಲು
ಗೋದಲಿಯಲ್ಲಿಡು, ಬಾಲಯೇಸುವಿಗೆ ಮೆತ್ತಗಾಗಲಿ.
ಆ ವರ್ಷದ ಹಾಸಿಗೆ ಪೂರ್ತಿ
ಪಕ್ಕದ ಮನೆಯ ಕರುವಿನ ಹೊಟ್ಟೆ ಸೇರಿತು.
ತಿನ್ನಿಸಿದವಳು ನಾನೇ.
ಅಮ್ಮ ಖಾಲಿ ಪೆಟ್ಟಿಗೆ ನೋಡಿದಳು, ಕರುವನ್ನು ನೋಡಿದಳು.
"ಹೋಗಲಿ, ಮಲಗಬೇಕಾದವನೂ ಹಸಿದವರ ಕಡೆಯವನೇ"
ಎಂದಳು.
ಆದರೂ ತಲೆಗೊಂದು ಮೊಟಕಿದಳು.

ಮೀನಿನ ಸ್ಕೂಟರಿನ ಮೊಯ್ದಿಂಕುಞಿ ಕಿಟಕಿಗೆ ಬಂದ.
"ಬಾಯಮ್ಮ, ಕರೆಂಟು ಇದೆಯಲ್ಲ, ಈ ಬತ್ತಿ ಯಾಕೆ?"
"ಒಬ್ಬ ಬರಲಿಕ್ಕಿದ್ದಾನೆ."
"ಎಷ್ಟು ಲೇಟು?"
ನಕ್ಕುಬಿಟ್ಟೆ. ಗೊತ್ತಿದ್ದರೆ
ಪುಸ್ತಕದಲ್ಲಿ ಬರೆದಿಡುತ್ತಿರಲಿಲ್ಲವೇ?
ಅವನು ನಗಲಿಲ್ಲ. ಪೆಟ್ಟಿಗೆ ತೆರೆದ,
ತೇಗದೆಲೆಯಲ್ಲಿ ಎರಡು ಬಂಗುಡೆ ಸುತ್ತಿ
ಬತ್ತಿಗಳ ಪಕ್ಕ ಇಟ್ಟ.
"ಅವ ಬರುವವರೆಗೆ
ಸಾರಿಗೆ ಇರಲಿ."

ದುಡ್ಡು ಹುಡುಕುವಷ್ಟರಲ್ಲಿ ಹಳಿ ಗುನುಗಿತು.
ಹಸುರು ಬಾವುಟ ಹಿಡಿದು ಓಡಿದೆ.
ಇಪ್ಪತ್ತೆರಡು ಡಬ್ಬಿ, ಒಂದು ಕಿಟಕಿಯಲ್ಲಿ
ಯಾರದೋ ಮಗು ಕೈಬೀಸಿತು,
ಯಾರಿಗೆಂದಿಲ್ಲದೆ, ಎಲ್ಲರಿಗೂ.

ಕಂಬ ಎದ್ದಿತು. ಎಂಜಿನ್ನುಗಳು ಎದ್ದವು.
ಕಡಲು ಮತ್ತೆ ಕೇಳದಾಯಿತು,
ಎಲ್ಲಿದೆ ಎಂದು ಈಗ ಗೊತ್ತು.

ಪುಸ್ತಕ ತೆರೆದೆ.
ಗೇಟು ಹಾಕಿದ್ದು: ಎಂಟು ಹನ್ನೆರಡು.
ತೆಗೆದದ್ದು: ಎಂಟು ಮೂವತ್ತೊಂದು.
ನಡುವೆ ಆದದ್ದನ್ನು ಬರೆಯಲು ಕಾಲಮ್ಮಿಲ್ಲ.
ಅಲ್ಲಿ, ಎರಡು ಗೆರೆಗಳ ಮಧ್ಯೆ,
ಬಂಗುಡೆಯ ಮಂಜು ಕರಗಿ ಬಿದ್ದ
ಒಂದು ಹನಿ,
ಇನ್ನೂ ಒಣಗಿಲ್ಲ.